ಜಂತಿಗೆ ಹೆಗಲು

ಮಂಡಿನೋವಿನಿಂದ ಅವ್ವ ಮೆಟ್ಟಿಲಿಳಿದು ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಅವಳು ಕೂತು ಬೀದಿ ನೋಡಲೆಂದು ಶಹಾಪುರದ ನಮ್ಮ ಮನೆಯ ಹೊಸ್ತಿಲ ಮಟ್ಟಕ್ಕೆ ಮರದ ಕಟ್ಟೆಯೊಂದನ್ನು ಹಾಕಿಸಿದೆ. ಹಲಗೆ ಹೊರುವ ಜಂತಿಗಳ ಒಂದು ತುದಿ ಕಂಬದ ಮೇಲಿನ ತೊಲೆಯ ಮೇಲೆ, ಇನ್ನೊಂದು ತುದಿ ಗೋಡೆಗೆ ಬಿಗಿಯಬೇಕಾದ ದಪ್ಪ ಪಟ್ಟಿಯ ಮೇಲೆ ಕೂರಬೇಕಿತ್ತು. ಆ ಪಟ್ಟಿಗೆ ಬಡಗಿ ಚಾಚಾ ಹೆಗಲು ಎನ್ನುತ್ತಿದ್ದರು.

ಜಂತಿಯನ್ನು ಎತ್ತಿ ಹಿಡಿದ ಅವರು, "ಲಗೂನ ಹೆಗಲ ಕೊಡ್ರಿ" ಎಂದು ನನ್ನನ್ನು ಕೂಗಿದರು. ನಾನು ಪಟ್ಟಿ ಹುಡುಕುವಷ್ಟರಲ್ಲಿ ಪಕ್ಕದ ಮನೆಯ ಕಾಕಾ ಓಡಿಬಂದು ತಮ್ಮ ಹೆಗಲನ್ನೇ ಜಂತಿಯ ಕೆಳಗೆ ಕೊಟ್ಟರು.

"ಕಾಕಾ, ನಾ ಕೇಳಿದ್ದು ಕಟ್ಟಿಗಿ ಹೆಗಲ್ರಿ."

"ಅದು ಸಿಗೂತನಕ ಇದು ಇರ್ಲಿ ಬಿಡ್ರಿ."

ಒಳಗಿನಿಂದ ಅವ್ವ, "ಈಗ ಯಾಕ ಹೆಗಲ ಕೊಡ್ತೀರಪಾ, ನಾ ಇನ್ನಾ ಅದೀನಿ" ಎಂದಳು.

ಚಟ್ಟದ ಆ ತಮಾಷೆ ಮಾಡಿದವಳು ಅವ್ವ ಅಲ್ಲ, ಕಾಕಾ ಎಂದು ನನ್ನ ಹೆಂಡತಿ ವಾದಿಸುತ್ತಾಳೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬುವುದಿಲ್ಲ. ಆದರೆ ಕಾಕಾನ ಅಂಗಿಗೆ ಹತ್ತಿದ್ದ ಮರದ ಪುಡಿ ಕಣ್ಣಿಗೆ ಕಟ್ಟಿದೆ, ಆ ಹೆಗಲಿಗೆ ನಾನು ಋಣಿ. ನಿನ್ನೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅವ್ವನನ್ನೇ ಕೇಳಿದೆ.

"ಯಾರರೆ ಅಂದಿರ್ಲಿ ಬಿಡೋ" ಎಂದಳು. "ನಾ ಹೊರಗ ಕುಂತೀನಲ್ಲ."