ಮಾತು ಬಿಟ್ಟ ಅತ್ತೆ

ಮಾತಾಡುವಾಗ ನಮ್ಮ ಅತ್ತೆಯ ಕತ್ತಿನ ನರಗಳು ಮೆಣಸಿನ ಬಳ್ಳಿಯ ಹಾಗೆ ಉಬ್ಬಿ ನಿಲ್ಲುತ್ತಿದ್ದವು. ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತೇ ಇರಲಿಲ್ಲ. ಮಲಯಾಳ ಸೀಮೆಗೆ ಸೇರಿದ ತೋಲ್ಪೆಟ್ಟಿಯ ನಮ್ಮ ಮನೆ ಕಾಡಂಚಿನ ಗದ್ದೆಯ ಈ ಬದಿಗಿದೆ. ಅವರು ಜಗಲಿಯಿಂದ ಕೂಗಿದರೆ ಆಚೆ ಬದಿಯಲ್ಲಿ ಮೇಯುವ ಹಸು ತಲೆಯೆತ್ತುತ್ತಿತ್ತು. ಹಂದಿ ಬಂದರೆ ಉಳಿದವರು ತಗಡು ಬಡಿಯುತ್ತಿದ್ದರು, ಅತ್ತೆ ಬರೀ ಬೈದು ಓಡಿಸುತ್ತಿದ್ದರು. ಗಡಿಯಾಚೆಯ ಎಚ್.ಡಿ. ಕೋಟೆ ಕಡೆಯಿಂದ ಮದುವೆಯಾಗಿ ಬಂದು ಎಷ್ಟೋ ಕಾಲವಾಗಿದ್ದರೂ ಮಲಯಾಳ ಅವರ ಬಾಯಲ್ಲಿ ಮುರಿದು ಮುರಿದು ಬರುತ್ತಿತ್ತು. ಅಂಗಡಿಯವನ ಹತ್ತಿರ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದರು.

ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಮೊದಲು ಹೇಳಿದವರೂ ಅವರೇ. ಒಂದು ಸಂಜೆ ಹಲಸಿನ ಮರಕ್ಕೆ ಆನೆ ಬಂದಿತ್ತು. ಓಡಿಸಲು ಪಟಾಕಿ ಸಿಡಿಸಿದರು. ನಾಯಿ ಮಂಚದಡಿ ಸೇರಿತು, ಮಗು ಮಾತ್ರ ತನ್ನ ಕಾಲ್ಬೆರಳು ಹಿಡಿದು ಆಡುತ್ತಿತ್ತು. ಅತ್ತೆ ಅದರ ಬೆನ್ನ ಹಿಂದೆ ಹೋಗಿ ಗಂಟಲು ಬಿಟ್ಟು ಕೂಗಿದರು. ಮಗು ತಿರುಗಲಿಲ್ಲ.

"ನನ್ ಗಂಟ್ಲಿಗೂ ತಿರುಗ್ನಿಲ್ಲ ಅಂದ್ರೆ ಮಗೀಗೆ ಕೇಳಾಕಿಲ್ಲ ಕಣವ್ವ," ಎಂದರು.

ಕಲ್ಲಿಕೋಟೆಯ ಆಸ್ಪತ್ರೆಯಲ್ಲಿ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರು. ಒಳಗಿವಿಯಲ್ಲಿ ಕೂದಲಿನಂಥ ತಂತಿ, ಹೊರಗೆ ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ. ಶಬ್ದ ಒಳಗೆ ಹೋದರೆ ಸಾಲದು, ಅದನ್ನು ಮಾತೆಂದು ತಿಳಿಯಲು ಮೆದುಳು ಕಲಿಯಬೇಕು, ತಪ್ಪದೆ ಮಾತು ಕಲಿಸುವ ತೆರಪಿಗೆ ಹೋಗಿ ಎಂದರು. ತೆರಪಿ ಇದ್ದದ್ದು ಮಾನಂದವಾಡಿಯಲ್ಲಿ. ನನ್ನ ಗಂಡನಿಗೆ ಅರಣ್ಯ ಇಲಾಖೆಯಲ್ಲಿ ವಾಚರ್ ಕೆಲಸ, ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಜೊತೆಗೆ ಬಂದವರು ಅತ್ತೆ. ಬೇಗೂರಿನ ಕಾಡು ದಾಟುವಷ್ಟು ಹೊತ್ತೂ ಮಗುವನ್ನು ಮಡಿಲಲ್ಲಿ ನಿಲ್ಲಿಸಿಕೊಂಡು ಕಿಟಕಿಯಾಚೆ ಕಂಡದ್ದನ್ನೆಲ್ಲ ಹೆಸರು ಹಿಡಿದು ಕೂಗಿ ತೋರಿಸುತ್ತಿದ್ದರು. ಬಸ್ಸಿನವರು ತಿರುಗಿ ನೋಡಿ ನಗುತ್ತಿದ್ದರು.

ಮಗಳ ಮೊದಲ ಮಾತು ತೆರಪಿ ಕೋಣೆಯಲ್ಲೇ ಬಂತು. ಟೀಚರ್ ಗೊಂಬೆ ಹಿಡಿದು "ವಾ, ವಾ" ಎಂದು ಮಲಯಾಳದಲ್ಲಿ ಕರೆಯುತ್ತಿದ್ದರು. ಮಗು ಕೈಚಾಚಿ "ಬಾ" ಎಂದಿತು. ಅತ್ತೆ ಕೋಳಿಗಳನ್ನು ಕರೆಯುವ ರಾಗ ಅದು! ನನಗೆ ಅಳು ಬಂತು. ಟೀಚರ್ ಮಾತ್ರ, "ವ ಅಕ್ಷರ ಹೊರಳುತ್ತಿಲ್ಲ, ತಿದ್ದಬೇಕು," ಎಂದರು. ಅದು ತಪ್ಪಲ್ಲ, ಕನ್ನಡ, ಮನೆಯಲ್ಲಿ ಅಜ್ಜಿ ಹಾಗೆ ಕರೆಯುತ್ತಾರೆ ಎಂದೆ. ಅವರ ಮುಖ ಇನ್ನೂ ಗಂಟಾಯಿತು.

ಆ ಟೀಚರ್ ಕೆಟ್ಟವರಲ್ಲ. ನನ್ನ ಮಗಳಿಗೆ ಒಂದೊಂದು ಪದ ಕಲಿಸಲು ಬೆವರು ಸುರಿಸಿದವರು. ಆದರೆ ಅಂದು ಅವರು ಹೇಳಿದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಶಾಲೆ ಮಲಯಾಳದ್ದು, ಮನೆಯಲ್ಲೂ ಅದೊಂದೇ ಇರಲಿ. ಎರಡು ಭಾಷೆ ಬಿದ್ದರೆ ಇಂಥ ಮಕ್ಕಳ ತಲೆ ಗೋಜಲಾಗುತ್ತದೆ. ಅಜ್ಜಿಯ ಹರಕು ಮಲಯಾಳವೂ ಬೇಡ. ಕೈಸನ್ನೆಯಂತೂ ಬೇಡವೇ ಬೇಡ, ಸನ್ನೆ ಕಂಡರೆ ಮಗು ಕಿವಿಗೊಡುವುದಿಲ್ಲ.

ಅತ್ತೆ ಹೊರಗೆ ಬೆಂಚಿನ ಮೇಲಿದ್ದರು. ಬಸ್ಸಿನಲ್ಲಿ ಎಲ್ಲ ಹೇಳಿದೆ. "ನಾನ್ ಮಾತಾಡುದ್ರೆ ಮಗೀಗೆ ಕೆಟ್ದಾ?" ಎಂದು ಕೇಳಿದರು.

"ಅವ್ರು ಹಂಗಂತಾರೆ ಅತ್ತೆ."

"ಸರಿ ಬುಡು."

ಅಷ್ಟೇ. ಅಂದಿನಿಂದ ಮೊಮ್ಮಗಳ ಮುಂದೆ ಅತ್ತೆ ತುಟಿ ಎರಡು ಮಾಡಲಿಲ್ಲ. ನಾನೂ ಗಂಡನೂ ಮಲಯಾಳದಲ್ಲೇ ಓದಿದವರು, ನಮಗೆ ನಾಲಿಗೆ ಹೊರಳಿಸಿದರಾಯಿತು. ಅತ್ತೆಗೆ ಉಳಿದದ್ದು ಮೌನವೊಂದೇ. ಮಗು ಏನಾದರೂ ತೋರಿಸಲು ಓಡಿ ಬಂದರೆ, ಸನ್ನೆ ಮಾಡಿಬಿಟ್ಟೇನೆಂದು ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು ನಗುತ್ತಿದ್ದರು. ಮಾತು ಉಕ್ಕಿ ಬಂದರೆ ಕೊಟ್ಟಿಗೆಗೆ ಹೋಗುತ್ತಿದ್ದರು. ಸೊಸೆ ಮುದುಕಿಯ ಬಾಯಿ ಕಟ್ಟಿಸಿದ್ದಾಳೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ಅದನ್ನು ಕೇಳಿದ ದಿನ ಮಾತ್ರ ಅತ್ತೆಯ ಹಳೆಯ ಗಂಟಲು ಗದ್ದೆ ದಾಟಿತು. ಆಡಿಕೊಂಡವರು ಮತ್ತೆ ಸೊಲ್ಲೆತ್ತಲಿಲ್ಲ.

ಮಗಳು ಎಲ್ಲರಂತೆ ಸಾಮಾನ್ಯ ಶಾಲೆಗೇ ಸೇರಿದಳು. ಶಾಲೆಯ ವೇದಿಕೆಯಲ್ಲಿ ಮೈಕು ಹಿಡಿದು ಮಾತಾಡಿದಳು. ಡಾಕ್ಟರನ್ನು ಹೊಗಳಿದರು, ಟೀಚರನ್ನು ಹೊಗಳಿದರು, ನನ್ನನ್ನೂ ಹೊಗಳಿದರು. ಕೊನೆಯ ಸಾಲಿನಲ್ಲಿ ಕೂತಿದ್ದ ಅತ್ತೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮಗಳಿಗೆ ಎಂಟು ತುಂಬಿದ ಮೇಲೆ ತೆರಪಿ ಕೇಂದ್ರಕ್ಕೆ ಮೈಸೂರಿನ ಒಬ್ಬ ಹುಡುಗಿ ಬಂದಳು. ಇಂಪ್ಲಾಂಟ್ ಹಾಕಿದ ಮಕ್ಕಳ ಮೆದುಳು ಕೇಳುತ್ತ ಕೇಳುತ್ತ ಹೇಗೆ ಬೆಳೆಯುತ್ತದೆ ಎಂಬುದು ಅವಳ ಪಿಎಚ್‌.ಡಿ. ವಿಷಯ. ಮಗಳ ತಲೆಗೆ ತಂತಿಗಳ ಟೋಪಿ ತೊಡಿಸಿ, ಸದ್ದಿಲ್ಲದ ಕಾರ್ಟೂನ್ ಹಚ್ಚಿ, ಸ್ಪೀಕರಿನಲ್ಲಿ ಒಂದೇ ಶಬ್ದವನ್ನು ಮತ್ತೆ ಮತ್ತೆ ಕೇಳಿಸಿದಳು. ಕಂಪ್ಯೂಟರಿನಲ್ಲಿ ಅಲೆಗಳು ಎದ್ದವು. "ಈ ಅಲೆ ಎಷ್ಟು ಬೇಗ ಏಳ್ತಿದೆ ನೋಡಿ. ಹುಟ್ಟಿದಾಗಿಂದ ಕಿವಿ ಕೇಳೋ ಮಕ್ಕಳ ಹಾಗೇ ಇದೆ," ಎಂದಳು. ಆಮೇಲೆ ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಯಾಕೆ ನಿಲ್ಲಿಸಿದ್ರಿ? ಅಜ್ಜಿ ಕನ್ನಡ ಮಾತಾಡಿದ್ರೆ ಏನೂ ಕೆಡ್ತಿರಲಿಲ್ಲ. ಮಕ್ಕಳು ಎರಡೂ ಕಲೀತಾರೆ. ಮನೇಲಿ ಮಾತು ಎಷ್ಟು ಬೀಳುತ್ತೋ ಅಷ್ಟು ಒಳ್ಳೇದು."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕನ್ನಡವಾದ್ದರಿಂದ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಆಗ್ಲೇ ಬರ್ಬೋದಿತ್ತಲ್ಲವ್ವ ನೀನು," ಎಂದರು.

"ಆಗ ನಾನಿನ್ನೂ ಕಾಲೇಜಲ್ಲಿದ್ದೆ ಅಜ್ಜಿ," ಎಂದು ಹುಡುಗಿ ತಲೆ ತಗ್ಗಿಸಿದಳು.

ಮನೆಗೆ ಬಂದ ಮೇಲೆ, ಈಗಲಾದರೂ ಮಾತಾಡಿ ಎಂದು ನಾನೇ ಬೇಡಿಕೊಂಡೆ. ಅತ್ತೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾವು ಹುಡುಗಿಯಾಗಿದ್ದಾಗ ಕಬಿನಿ ಹೊಳೆಯಲ್ಲಿ ತೇಲಿಹೋದ ಕತೆ ಶುರು ಮಾಡಿದರು. ಮಗಳು ಮರ್ಯಾದೆಯಿಂದ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ನನ್ನತ್ತ ತಿರುಗಿ, "ಅಮ್ಮೇ, ಅಚ್ಚಮ್ಮ ಎಂದಾ ಪರಯುನ್ನೆ?" ಎಂದಳು, ಅಜ್ಜಿ ಏನು ಹೇಳುತ್ತಿದ್ದಾರೆ ಎಂದು. ಅತ್ತೆ ಕತೆಯನ್ನು ನಡುವೆಯೇ ಬಿಟ್ಟು ಎದ್ದರು. "ಹಸಕ್ಕೆ ಹುಲ್ ಹಾಕ್ಬೇಕು," ಎಂದು ಹೊರಗೆ ಹೋದರು. ಆ ಕತೆಯ ಕೊನೆ ನನಗೂ ಗೊತ್ತಿಲ್ಲ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು, ಎದೆ ಕಟ್ಟಿ ಅತ್ತೆ ಹೋಗಿಬಿಟ್ಟರು. ಕೋಟೆ ಕಡೆಯ ನೆಂಟರೆಲ್ಲ ಬಂದರು. ಹೆಣ ಎತ್ತುವ ಮೊದಲು ಅತ್ತೆಯ ತಂಗಿ ನನ್ನ ಮಗಳ ಕೈಗೆ ಲೋಟ ಕೊಟ್ಟು, "ಅಜ್ಜಿ ಬಾಯ್ಗೆ ನೀರ್ ಬುಡು ಕೂಸೆ," ಎಂದರು. ಮಗಳು ಲೋಟ ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತಳು. ಅವರು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಅವಳು ಹಾಗೇ ನಿಂತಿದ್ದಳು.

"ಅಯ್ಯೋ, ಅಷ್ಟ್ ದೊಡ್ ಆಪ್ರೇಸನ್ ಮಾಡ್ಸುದ್ರಲ್ಲ," ಎಂದು ಆಕೆ ನನ್ನ ಕಡೆ ತಿರುಗಿದರು, "ಮಗೀಗೆ ಇನ್ನೂ ಕಿವಿ ಬಂದಿಲ್ವಾ?"

ನಾನು ಮಗಳ ಪಕ್ಕ ಕೂತು ಅದನ್ನೇ ಮಲಯಾಳದಲ್ಲಿ ಹೇಳಿದೆ. ತಕ್ಷಣ ಅವಳು ಬಗ್ಗಿ, ಮುಚ್ಚಿದ ಆ ತುಟಿಗಳ ಮೇಲೆ ನೀರು ಬಿಟ್ಟಳು.