ಕಾರಿನೊಳಗಿನ ಇದ್ದಿಲು

ಕೆಲಸ ಏನೆಂದು ಗೊತ್ತಿಲ್ಲದ ವಸ್ತುವನ್ನು ನಾವು ಹೆಚ್ಚುವರಿ ಎಂದು ಕರೆಯುತ್ತೇವೆ. ಮದುವೆಯ ಖರ್ಚು ಇಳಿಸಲು ಕೂತ ಹಿರಿಯರು ಮೊದಲು ಕೈಬಿಡುವುದು ಬಾಜಾ ಬಜಂತ್ರಿಯವರನ್ನು. ಮದುವೆಯ ದಿನ ಮನೆ ಯಾಕೆ ಹೀಗೆ ಬಿಕೋ ಎನ್ನುತ್ತಿದೆ ಎಂದು ಕೇಳುವವರೂ ಆ ಹಿರಿಯರೇ. ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ. ಎಂಬತ್ತೆರಡರ ಬೇಸಿಗೆಯಲ್ಲಿ ಒಂದು ಕಾರಿನ ಎಂಜಿನ್ನಿಂದ ಹನ್ನೆರಡು ರಬ್ಬರ್ ಪೈಪು ಕಿತ್ತುಹಾಕುವ ಕೆಲಸದಲ್ಲಿ ನಾನು ಲೆಕ್ಕ ಬರೆಯುವವನಾಗಿದ್ದೆ.

ಕಾರು ನಾಗಪ್ಪ ಮಾವನದು. ರಾಯಚೂರಿನಲ್ಲಿ ಅವರ ಮನೆಯಲ್ಲಿದ್ದುಕೊಂಡು ನಾನು ಕಾಲೇಜಿಗೆ ಹೋಗುತ್ತಿದ್ದೆ. ಮಾವ ಭತ್ತದ ವ್ಯಾಪಾರಿ, ಶೋಕಿಯ ಮನುಷ್ಯನಲ್ಲ. ಕಾರು ಕೊಂಡದ್ದು ಹುಲಿಗೆಮ್ಮ ಅತ್ತೆಯ ಮೂಗಿಗಾಗಿ. ಅತ್ತೆಯ ತವರು ದೇವದುರ್ಗ. ಬಸ್ಸಿನ ಡೀಸೆಲ್ ವಾಸನೆ ಬಡಿದರೆ ಸಾಕು, ಊರು ದಾಟುವ ಮೊದಲೇ ಅವರ ತಲೆ ಕಿಟಕಿಯ ಹೊರಗಿರುತ್ತಿತ್ತು. ಅತ್ತ ಅವರ ತಾಯಿಗೆ ಮಂಡಿ ಹಿಡಿದು ಹೊಸ್ತಿಲು ದಾಟುವುದೂ ಆಗುತ್ತಿರಲಿಲ್ಲ. ಹೀಗೆ ಒಬ್ಬರ ಮಂಡಿ, ಇನ್ನೊಬ್ಬರ ಮೂಗು ಸೇರಿ ತಾಯಿ ಮಗಳು ಮುಖ ನೋಡಿ ಎರಡು ವರ್ಷವಾಗಿತ್ತು.

ಹೈದರಾಬಾದಿನಿಂದ ತಂದ ಆ ಕಾರು ಜಪಾನಿನದು, ನಾಲ್ಕಾರು ಕೈ ದಾಟಿ ಬಂದದ್ದು. ಬಾನೆಟ್ ಎತ್ತಿದರೆ ಶಾವಿಗೆ ಒಣಹಾಕಿದಂತೆ ಪೈಪುಗಳು. ನಮ್ಮ ಬಿಸಿಲಿಗೆ ಅವು ಸೀಳಿ ಗಾಳಿ ಎಳೆಯುತ್ತಿದ್ದವು. ಕಾರು ಕಂಡ ಕಂಡ ತಿರುವಿನಲ್ಲಿ ನಿಂತುಬಿಡುತ್ತಿತ್ತು. ಮಾವ ಮಾನ್ವಿಯಿಂದ ಮೌಲಾಸಾಬರನ್ನು ಕರೆಸಿದರು. ಅವರು ಕಾಲುವೆ ಬದಿಯ ಪಂಪ್‌ಸೆಟ್ಟುಗಳ ಮೆಕ್ಯಾನಿಕ್.

"ಇಷ್ಟು ಪೈಪ್ ಯಾಕ ಬೇಕ್ರೀ ಸಾವ್ಕಾರ? ನಮ್ಮ ಪಂಪ್‌ಸೆಟ್ಟಿಗಿ ಮೂರ ಪೈಪು. ಕಾಲುವಿ ಬರಿದು ಮಾಡಂದ್ರ ಮಾಡತದ" ಎಂದರು ಮೌಲಾಸಾಬ.

"ಬೇಕಾದ್ದು ಯಾವುದು, ಬ್ಯಾಡಾದ್ದು ಯಾವುದು, ಹ್ಯಾಂಗ ತಿಳಿತದ?" ಎಂದರು ಮಾವ.

"ತಗದ ಮ್ಯಾಲ ಗಾಡಿ ನಡದ್ರ ಅದು ಬ್ಯಾಡಾಗಿತ್ತು. ನಡೀಲಿಲ್ಲಂದ್ರ ಬೇಕಾಗಿತ್ತು."

ಇಷ್ಟು ಸ್ಪಷ್ಟವಾದ ತತ್ವವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ. ಆದರೂ ನನ್ನ ಸ್ವಭಾವ ಬಿಡಲಿಲ್ಲ. ಪ್ರತಿ ಪೈಪಿಗೂ, ಅದು ಕೂತಿದ್ದ ಬಾಯಿಗೂ ಒಂದೇ ಸಂಖ್ಯೆ ಬರೆದ ಚಿಂದಿ ಕಟ್ಟಿದೆ.

"ಏನ್ರೀ ತಮ್ಮಾ, ಎಲ್ಲಕ್ಕೂ ತಾಯತ ಕಟ್ಟಾಕತ್ತೀರಿ. ಜ್ವರ ಬಂದಾವೇನು?" ಎಂದು ಮೌಲಾಸಾಬ ಕೇಳಿದರು.

ಹದಿನೇಳು ಪೈಪು ಐದಕ್ಕೆ ಇಳಿದವು. ಬಿಟ್ಟುಹೋದ ತೂತುಗಳಿಗೆ ಸ್ಕ್ರೂ ಬಿಗಿದರು. ಮೂಲೆಯಲ್ಲಿ ಮೂರು ಪೈಪು ಸೇರುವ ಒಂದು ಕಪ್ಪು ಡಬ್ಬಿ ಇತ್ತು. ಬಿಚ್ಚಿ ನೋಡಿದರೆ ತುಂಬ ಇದ್ದಿಲ ನುಚ್ಚು. ಪೆಟ್ರೋಲಿನಿಂದ ಓಡುವ ಗಾಡಿಗೆ ಇದ್ದಿಲು ಯಾಕೆಂದು ಮೂವರೂ ನಕ್ಕೆವು. ಡಬ್ಬಿ ಇಟ್ಟುಕೊಂಡು ಇದ್ದಿಲನ್ನು ಎದುರಿನ ಇಸ್ತ್ರಿಯವನಿಗೆ ಕೊಟ್ಟೆವು. ಕಡ್ಡಿ ಹತ್ತಿರ ಒಯ್ದದ್ದೇ ತಡ, ಭಗ್ಗೆಂದು ಹತ್ತಿ ಅವನ ಅರ್ಧ ಹುಬ್ಬು ಹೋಯಿತು. ಉಳಿದ ಅರ್ಧವನ್ನು ಸವರಿಕೊಳ್ಳುತ್ತಾ ಅವನು, "ಫಾರಿನ್ ಇದ್ದಿಲು ಭಾರಿ ಅದರಿ, ಊದೋದ ಬ್ಯಾಡ" ಎಂದ.

ಕಾರು ಚೆನ್ನಾಗಿ ಓಡಿತು. ಮಾವ ಅತ್ತೆಯನ್ನು ಕೂರಿಸಿಕೊಂಡು ದೇವದುರ್ಗಕ್ಕೆ ಹೊರಟರು. ದಾರಿಯ ಊರು ಕಲ್ಮಲಾ ಬರುವ ಮೊದಲೇ ಒಳಗೆಲ್ಲ ಪೆಟ್ರೋಲ್ ವಾಸನೆ. ಅತ್ತೆ ಇಳಿದು, ರಸ್ತೆ ಬದಿಯಲ್ಲಿ ಆಗಬೇಕಾದದ್ದು ಆದ ಮೇಲೆ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಬಸ್ಸಿನ್ಯಾಗ ಡೀಸೆಲ್, ಇದರಾಗ ಪೆಟ್ರೋಲ್. ರೊಕ್ಕಷ್ಟ ಹೆಚ್ಚು, ವಾಂತಿ ಒಂದ. ನಡೀರಿ ಮನಿಗಿ. ನಮ್ಮವ್ವನ ಮಾರಿ ನೋಡೋದು ನನ್ನ ಹಣ್ಯಾಗ ಇಲ್ಲ."

ಮಾವ ಅವತ್ತು ರಾತ್ರಿ ಊಟ ಮಾಡಲಿಲ್ಲ. ಮೌಲಾಸಾಬ ಮತ್ತೆ ಬಂದು ಎಲ್ಲ ಸ್ಕ್ರೂ ಬಿಗಿದರು. ಎಲ್ಲಿಯೂ ಒಂದು ಹನಿ ಸೋರುತ್ತಿರಲಿಲ್ಲ. ವಾಸನೆ ಮಾತ್ರ ಹಾಗೇ ಇತ್ತು. ಚಹಾ ತಂದ ಅತ್ತೆಯ ಕಿವಿಗೆ ಮಾತಿನ ನಡುವೆ ಇದ್ದಿಲ ಡಬ್ಬಿಯ ಸುದ್ದಿ ಬಿತ್ತು. ಅವರು ತಾಟನ್ನು ಅಲ್ಲೇ ಕಟ್ಟೆಯ ಮೇಲಿಟ್ಟರು.

"ನಾವು ಬುತ್ತಿ ಕಟ್ಟಿದ್ರ ದೃಷ್ಟಿ ಆಗಬಾರದಂತ ಒಂದು ಚೂರು ಇದ್ದಿಲು ಇಡಲ್ಲೇನು? ಅವರೂ ಗಾಡಿಗಿ ಇಟ್ಟಾರ. ಅದನ್ನ ಒಯ್ದು ಇಸ್ತ್ರಿಗಿ ಹಾಕೀರಿ. ಮತ್ತ ವಾಸನಿ ಯಾಕ ಬರಾಕತ್ಯಾದ ಅಂತೀರಿ."

"ಹುಲಿಗೆಮ್ಮಾ, ಜಪಾನದಾಗ ದೃಷ್ಟಿ ಇರತದೇನು?" ಎಂದರು ಮಾವ.

"ಕಣ್ಣು ಇರೋ ಊರಾಗೆಲ್ಲ ಇರತದ."

ಮಾವ ಮೌಲಾಸಾಬರ ಕಡೆ ನೋಡಿದರು. ಮನೆಯ ಶಾಂತಿಗೆ ಒಂದು ಡಬ್ಬಿ ದೊಡ್ಡದಲ್ಲ ಎಂಬುದು ಇಬ್ಬರು ಸಂಸಾರಸ್ಥರಿಗೂ ಗೊತ್ತಿತ್ತು. ಇಸ್ತ್ರಿಯವನಿಂದ ಜಾಲಿ ಇದ್ದಿಲು ತಂದು, ಕುಟ್ಟಿ ಖಾಲಿ ಡಬ್ಬಿಗೆ ತುಂಬಿದರು. ಮೌಲಾಸಾಬ ಡಬ್ಬಿಯನ್ನು ಸುಮ್ಮನೆ ಮೂಲೆಯಲ್ಲಿ ಇಡಲು ಹೋದರೆ ಅತ್ತೆ ಬಿಡಲಿಲ್ಲ. ಮೊದಲು ಹೇಗಿತ್ತೋ ಹಾಗೇ ಕೂಡಿಸಬೇಕು. ನನ್ನ ಚಿಂದಿಗಳಿಗೆ ಕೆಲಸ ಬಂತು. ಸೀಳಿದ್ದ ಮೂರು ಪೈಪಿಗೆ ಬದಲಿ ಹೊಸ ರಬ್ಬರ್ ಹಾಕಿ ಸೇರಿಸಿದೆವು. ಐದಿದ್ದದ್ದು ಎಂಟಾಯಿತು. ವಾಸನೆ ಹೋಯಿತು. ತಾವು ಸ್ಕ್ರೂ ಬಿಗಿದದ್ದರಿಂದ ಹೋಯಿತು ಎಂದು ಮೌಲಾಸಾಬ ಹೇಳಿದರು.

ಆ ವಾರ ನಾನು ಲೈಬ್ರರಿಯಲ್ಲಿ ಮೋಟಾರಿನ ಪುಸ್ತಕವೊಂದನ್ನು ಹುಡುಕಿ ಓದಿದೆ. ಟ್ಯಾಂಕಿನಿಂದ ಏಳುವ ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಇದ್ದಿಲು ಹಿಡಿದಿಡುತ್ತದೆ, ಆಮೇಲೆ ಎಂಜಿನ್ ಅದನ್ನು ಎಳೆದು ಸುಡುತ್ತದೆ. ಗಾಳಿ ಕೆಡದಿರಲಿ ಎಂದು ಅವರು ಮಾಡಿದ ಏರ್ಪಾಡು ಅದು. ಮನೆಗೆ ಓಡಿ ಬಂದು ಅತ್ತೆಗೆ ವಿವರಿಸಿದೆ. ಅವರು ಬೇಳೆ ಹಸನು ಮಾಡುತ್ತಾ ಕೇಳಿಸಿಕೊಂಡರು.

"ಕೆಟ್ಟದ್ದು ತಾಗಬಾರದಂತ ಇಡೋದು. ನಾ ಮತ್ತ ಬ್ಯಾರೆ ಏನು ಹೇಳಿದ್ನಿ?"

ನಾನು ಅವರ ಪಕ್ಕ ಕೂತು ಬೇಳೆಯಲ್ಲಿ ಕಲ್ಲು ಆರಿಸತೊಡಗಿದೆ.

ಮುಂದಿನ ಭಾನುವಾರ ಹೊರಟೆವು. ಕಲ್ಮಲಾ ದಾಟಿತು, ಗಬ್ಬೂರು ದಾಟಿತು. ಅತ್ತೆ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಅತ್ತೆ ಮೆಲ್ಲಗೆ ಕಣ್ಣು ಬಿಟ್ಟು ಹೊರಗೆ ನೋಡಿ, "ಈ ದಾರ್‍ಯಾಗ ಇಷ್ಟು ಬೇವಿನ ಗಿಡ ಅದಾವೇನು?" ಎಂದರು. ಮದುವೆಯಾದಾಗಿನಿಂದ ಅದೇ ದಾರಿಯಲ್ಲಿ ಓಡಾಡಿದವರು.

ದೇವದುರ್ಗದಲ್ಲಿ ಅಜ್ಜಿ ಹೊಸ್ತಿಲ ಒಳಗೆ ಗೋಡೆ ಹಿಡಿದು ನಿಂತಿದ್ದರು. ಅತ್ತೆ ಅವರ ಕೈ ಹಿಡಿದುಕೊಂಡು, "ಯವ್ವಾ, ಹಸಿವ್ಯಾಗ್ಯಾದ. ಏನು ಮಾಡೀದಿ?" ಎಂದರು.

ಅಜ್ಜಿ ಮಗಳ ಮುಖ ನೋಡಿದರು. "ಏನೂ ಮಾಡಿಲ್ಲ. ಬಂದ ದಿನ ನೀ ಯಾವತ್ತು ಉಂಡೀದಿ? ಮೊದಲ ಹೇಳಿ ಕಳಸಬಾರದೇನು?"

ಹೇಳಿ ಕಳಿಸದ ತಪ್ಪಿಗೆ ಮಾವನನ್ನೂ ನನ್ನನ್ನೂ ಬೈದು, ಅಜ್ಜಿ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದರು. ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ಒಳಗೆ ರೊಟ್ಟಿ ತಟ್ಟುವ ಸದ್ದು ಶುರುವಾಯಿತು. ಕಷ್ಟ ತೀರಿದ ಮೇಲೆ ಏನು ಮಾಡಬೇಕೆಂದು ಯಾರೂ ಮೊದಲೇ ಯೋಚಿಸಿಟ್ಟಿರುವುದಿಲ್ಲ. ಸಾಮಾನ್ಯವಾಗಿ ಮನೆಯಲ್ಲಿ ಜೋಳದ ಹಿಟ್ಟು ಇದ್ದರೆ ಸಾಕಾಗುತ್ತದೆ.