ಅತ್ತೆಯ ಭಜನೆಗೆ ನನ್ನ ಡ್ರಮ್ಸ್

ಎಡಗೈ ಮಣಿಕಟ್ಟು ಮುರಿದು, ಪಟ್ಟಿ ಬಿಚ್ಚಿದ ಮೇಲೆ ಬೆರಳುಗಳು ನನ್ನ ಮಾತು ಕೇಳುವುದನ್ನೇ ಬಿಟ್ಟಿದ್ದವು. ರೊಟ್ಟಿ ಹಿಟ್ಟು ನಾದಲು ಆಗುತ್ತಿರಲಿಲ್ಲ. ಆಫೀಸಿನಲ್ಲಿ ಫೈಲು ಎತ್ತಿದರೆ ಕೈ ನಡುಗುತ್ತಿತ್ತು. ಆಸ್ಪತ್ರೆಯವರು ಹಿಸುಕಲೆಂದು ಕೊಟ್ಟ ರಬ್ಬರ್ ಚೆಂಡು ಬೇಸರ ತರಿಸಿತು. "ಕೈಗೆ ಬೇರೆ ಏನಾದರೂ ಕೆಲಸ ಕೊಟ್ಟರೂ ಆದೀತು" ಎಂದರು ಅವರು.

ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ಇಳಿದು ಮನೆಗೆ ನಡೆಯುವ ದಾರಿಯಲ್ಲಿ ಒಂದು ಕಟ್ಟಡದ ನೆಲಮಾಳಿಗೆಯಿಂದ ಡ್ರಮ್ಸ್ ಸದ್ದು ಬರುತ್ತಿತ್ತು. ಒಂದು ಶನಿವಾರ ಧೈರ್ಯ ಮಾಡಿ ಮೆಟ್ಟಿಲಿಳಿದೆ. ಕಲಿಸುವವಳು ಮಂಗಳೂರಿನ ಹುಡುಗಿ. ವಾರವಿಡೀ ಕಂಪ್ಯೂಟರ್ ಕೆಲಸ, ರಜೆಯ ದಿನ ಈ ಪಾಠ. ನಾನು ತೆಲುಗಿನಲ್ಲಿ ವಿಚಾರಿಸುತ್ತ ನಡುವೆ "ಅಯ್ಯ ಶಿವನ" ಎಂದದ್ದೇ ತಡ, ಅವಳ ಮುಖ ಅರಳಿತು. "ಕನ್ನಡದವರಾ ಆಂಟಿ? ಮೊದಲೇ ಹೇಳ್ಬಾರ್ದಾ!"

ಮೊದಲ ಕೆಲವು ವಾರ ಡ್ರಮ್ ಮುಟ್ಟಲೇ ಇಲ್ಲ. ಒಂದು ರಬ್ಬರ್ ಹಲಗೆ, ಎರಡು ಕೋಲು, ಅಷ್ಟೇ.

"ಗಟ್ಟಿ ಹಿಡೀಬೇಡಿ ಆಂಟಿ. ಹೆಬ್ಬೆರಳು, ತೋರುಬೆರಳಿನ ನಡುವೆ ಸುಮ್ನೆ ಇರ್ಲಿ. ಬಿದ್ದ ಕೋಲು ತಾನೇ ಮೇಲೆ ಬರ್ತದೆ. ನೀವು ತಡೀದಿದ್ರೆ ಸಾಕು."

ಬಾರಿಸುವುದೆಂದರೆ ಹೊಡೆಯುವುದು ಎಂದುಕೊಂಡಿದ್ದೆ. ಹೊಡೆದ ಮೇಲೆ ಬಿಟ್ಟುಕೊಡುವುದೇ ಕಷ್ಟದ ಕೆಲಸ. ಬಲ, ಎಡ, ಬಲ, ಎಡ. ಬಲಗೈ ಗದರಿದರೆ ಎಡಗೈ ಗೊಣಗುತ್ತಿತ್ತು. ಎಡಗೈಗೆ ಜೋರು ಮಾಡಲು ಹೋದರೆ ನೋವು. "ಸದ್ಯಕ್ಕೆ ಬಲಗೈಯನ್ನೇ ಮೆತ್ತಗೆ ಮಾಡಿ, ಎಡಗೈ ನಿಧಾನಕ್ಕೆ ಬರ್ತದೆ" ಎಂದಳು. ಗಟ್ಟಿ ಇರುವ ಕೈ ತಗ್ಗಿದ ದಿನ ಎರಡರ ಸದ್ದೂ ಮೊದಲ ಸಲ ಒಂದಾಯಿತು. ನನ್ನನ್ನು ಅದು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಅದಾದ ಮೇಲೆಯೇ ಅವಳು ನನ್ನನ್ನು ಡ್ರಮ್ಸ್ ಮುಂದೆ ಕೂರಿಸಿದಳು.

ಮನೆಯಲ್ಲಿ ಅತ್ತೆ. ಕಲಬುರಗಿ ಕಡೆಯವರು, ಮಾವನವರ ಸರ್ಕಾರಿ ನೌಕರಿಯ ಜೊತೆ ಹೈದರಾಬಾದಿಗೆ ಬಂದು ಇಲ್ಲಿಯವರೇ ಆದವರು. ಪ್ರತಿ ವಾರ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರೊಡನೆ ಭಜನೆ ಹಾಡುತ್ತಾರೆ. "ಏನವಾ ಇದು, ಮುಂಜಾನೆದ್ದು ಟಕಟಕ?" ಎಂದು ಹಲಗೆಯ ಮೇಲಿನ ನನ್ನ ಅಭ್ಯಾಸಕ್ಕೆ ಮೊದಮೊದಲು ಸಿಡಿಮಿಡಿಗೊಂಡರು. ಕೆಲದಿನ ಕಳೆದ ಮೇಲೆ ದೇವರ ಮನೆಯಿಂದಲೇ ಕೂಗಿದರು: "ನಿನ್ನ ಕೈ ಓಡಾಕತ್ತೈತಿ. ಯಾರರ ಬೆನ್ನ ಹತ್ಯಾರೇನು?"

ಫೋನಿನಲ್ಲಿ ತಾಳ ತಪ್ಪದಿರಲೆಂದು ಹಾಕಿಕೊಂಡಿದ್ದ ಲಯದ ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಾನು ಅದನ್ನು ದಾಟಿ ಎಲ್ಲೋ ಹೋಗಿದ್ದೆ.

ನಮ್ಮ ಕನ್ನಡ ಮನೆಗಳೆಲ್ಲ ಸೇರುವ ಒಂದು ಸಂಜೆಯ ಹೊತ್ತಿಗೆ ಭಜನೆಗೆ ಢೋಲಕ್ ಬಾರಿಸುವವರು ಜ್ವರದಿಂದ ಮಲಗಿದರು. ಅತ್ತೆಯೇ ಬಂದು ಹೇಳಿದರು: "ನೀನ ಬಾರಿಸು. ಖರೆ, ಸಾವಕಾಶ."

ಮನೆಯಲ್ಲಿ ತಾಲೀಮಿಗೆ ಕುಳಿತರೆ ಯಂತ್ರಕ್ಕೂ ಅತ್ತೆಗೂ ಕೂಡಿಬರಲೇ ಇಲ್ಲ. ಇಷ್ಟದ ಪದ ಬಂದಲ್ಲಿ ಅವರು ತಡೆದು ನಿಲ್ಲುತ್ತಿದ್ದರು.

"ಅತ್ತಿ, ನೀವು ನಡುವ ನಿಂದರತೀರಿ."

"ಮತ್ತ ಉಸರು ತಗೋಬ್ಯಾಡನು?"

ಮಂಗಳೂರಿನ ಹುಡುಗಿಗೆ ಹೇಳಿದರೆ ನಕ್ಕಳು. "ಆ ಯಂತ್ರ ಆಫ್ ಮಾಡಿ ಆಂಟಿ. ಅದು ನೀವು ಓಡದ ಹಾಗೆ ನೋಡ್ಲಿಕ್ಕೆ ಇದ್ದದ್ದು. ಈಗ ಅತ್ತೆಯ ಬಾಯಿ ನೋಡಿ ಬಾರಿಸಿ." ತನ್ನದೇ ಡ್ರಮ್ ಸೆಟ್ಟನ್ನು ಆ ದಿನ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ಗೆ ತಂದುಕೊಡುವೆನೆಂದಳು.

ಆ ಸಂಜೆ ಮೊದಲ ನುಡಿ ಚೆನ್ನಾಗಿ ಹೋಯಿತು. ಎರಡನೆಯ ನುಡಿಯ ನಡುವೆ ಅತ್ತೆಯ ದನಿ ತಟ್ಟನೆ ನಿಂತಿತು. ಉಸಿರಿಗೆ ನಿಂತದ್ದಲ್ಲ, ಸಾಲು ಮರೆತಿತ್ತು. ಜೊತೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗದ್ದಲದಿಂದ ಆ ಜಾಗ ತುಂಬಿಬಿಡೋಣ ಅನ್ನಿಸಿತು. ತುಂಬಿದರೆ ಅವರು ಮರಳಿ ಬರಲು ಎಡೆಯೇ ಇರುತ್ತಿರಲಿಲ್ಲ. ಎರಡೂ ಕೈ ಎತ್ತಿಕೊಂಡೆ. ಕಾಲಿನಿಂದ ತುಳಿದು ಬಾರಿಸುವ ದೊಡ್ಡ ಡ್ರಮ್ಮನ್ನು ಮಾತ್ರ ಮೆತ್ತಗೆ ನಡೆಸುತ್ತ ಅವರನ್ನೇ ನೋಡಿದೆ. ಅವರೂ ನನ್ನನ್ನು ನೋಡಿದರು. ತಲೆಯಾಡಿಸಿದೆ. ತಾಳ ಒಂದು ಸುತ್ತು ಬಂತು, ಇನ್ನೊಂದು ಬಂತು. ಅತ್ತೆ ಕಣ್ಣು ಮುಚ್ಚಿ, ಮರೆತ ಸಾಲು ಬಿಟ್ಟು ನೇರ ಪಲ್ಲವಿ ಎತ್ತಿದರು. ಹೆಂಗಸರೆಲ್ಲ ಕೂಡಿಕೊಂಡರು. ನನ್ನ ಎದೆ ಡವಗುಟ್ಟುತ್ತಿತ್ತು, ಪುಣ್ಯಕ್ಕೆ ಕಾಲು ಅದರ ಮಾತು ಕೇಳಲಿಲ್ಲ.

ಲಿಫ್ಟಿನಲ್ಲಿ ಇಬ್ಬರೇ ಇದ್ದೆವು.

"ಸಾಲು ಮರತಿತ್ತವಾ."

"ಗೊತ್ತಾತ್ರಿ ಅತ್ತಿ."

"ನೀ ಮುಂದ ಹೋಗಲಿಲ್ಲ. ಹಂಗಂತ ನಿಂದರಲೂ ಇಲ್ಲ. ಭಾಳ ಚಲೋ ಆತು" ಎಂದರು.

ಢೋಲಕ್‌ನವರು ಗುಣವಾಗಿ ಬಂದಿದ್ದಾರೆ. ಭಜನೆಗೆ ಈಗ ನನ್ನ ಅಗತ್ಯವಿಲ್ಲ. ನಾನು ಒಂದೇ ಕೈಯಿಂದ ಎರಡೆರಡು ಪೆಟ್ಟು ಬಾರಿಸುವುದನ್ನು ಕಲಿಯುತ್ತಿದ್ದೇನೆ. ಅತ್ತೆ ಚಹಾದ ಲೋಟ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. "ಎರಡನೇ ಪೆಟ್ಟು ಕೇಳಸವಲ್ತು" ಎನ್ನುತ್ತಾರೆ. ಮತ್ತೊಮ್ಮೆ ಬಾರಿಸುತ್ತೇನೆ.